ತಂಡದ ಹೆಸರು ಯಾರ ಸ್ವತ್ತು?



ಸೇಡಂ ತಾಲೂಕಿನ ಕೋಡ್ಲಾ ಎಂದೊಡನೆ ನಮ್ಮ ಭಾಗದವರಿಗೆ ಶ್ರೀ ಸಿಮೆಂಟ್ ಕಾರ್ಖಾನೆ ಕಣ್ಮುಂದೆ ಬರುತ್ತದೆ. ಶಹಾಬಾದ್, ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಸಾಲಿಗೆ ಈಚೆಗೆ ಸೇರಿಕೊಂಡ ಊರು ಅದು. ಇದೇ ಕಂಪನಿ 2020ರಲ್ಲಿ ಕೋಲ್ಕತ್ತಾದ ಫುಟ್‌ಬಾಲ್ ಮೈದಾನಕ್ಕೂ ಇಳಿಯಿತು. ನೂರು ತುಂಬಿದ ಈಸ್ಟ್ ಬೆಂಗಾಲ್ ಕ್ಲಬ್ಬಿನ ತಂಡ ಆಗ 'ಎಸ್‌ಸಿ ಈಸ್ಟ್ ಬೆಂಗಾಲ್' ಆಯಿತು. ಕಂಪನಿಯ ಮೊದಲಕ್ಷರಗಳೂ ಅವೇ. ಮುಂದಿನ ಎರಡು ವರ್ಷ ಕ್ಲಬ್ಬಿನಲ್ಲಿ ನೆಮ್ಮದಿ ಇರಲಿಲ್ಲ. ತಂಡದ ಹೆಸರು, ಬಣ್ಣ, ಅಡ್ಡಹೆಸರು ಯಾರಿಗೆ ಸೇರಬೇಕು? ದುಡ್ಡು ಹಾಕಿದವರಿಗೋ, ಪದಾಧಿಕಾರಿಗಳಿಗೋ, ಬಿಸಿಲು ಮಳೆ ಎನ್ನದೆ ಗ್ಯಾಲರಿಯಲ್ಲಿ ನಿಂತು ಕೂಗುವವರಿಗೋ? ಈ ಪ್ರಶ್ನೆ ಬೆಳೆದು ಬಂದ ದಾರಿಯನ್ನು ಇವತ್ತು ನೋಡೋಣ.

ಮೊದಲು ಆ ಹೆಸರಿನ ಹುಟ್ಟು. 1920ರ ಜುಲೈ 28ರಂದು ಕೋಲ್ಕತ್ತಾದಲ್ಲಿ ಜೋರಾಬಾಗಾನ್ ಮತ್ತು ಮೋಹನ್ ಬಾಗಾನ್ ನಡುವೆ ಪಂದ್ಯವಿತ್ತು. ಜೋರಾಬಾಗಾನ್ ತಂಡ ಶೈಲೇಶ್ ಬೋಸ್ ಎಂಬ ಆಟಗಾರನನ್ನು ಹೊರಗಿಟ್ಟಿತು. ಕ್ಲಬ್ಬಿನ ಉಪಾಧ್ಯಕ್ಷ ಸುರೇಶ್ ಚಂದ್ರ ಚೌಧುರಿ ಇದನ್ನು ಒಪ್ಪದೆ ಹೊರಬಂದರು. ಆಗಸ್ಟ್ 1ರಂದು ಹೊಸ ಕ್ಲಬ್ ಕಟ್ಟಿದರು. ಪೂರ್ವ ಬಂಗಾಳದ ಮೂಲದವರು ಕಟ್ಟಿದ ಕ್ಲಬ್ಬಿಗೆ ತಮ್ಮ ಸೀಮೆಯ ಹೆಸರನ್ನೇ ಇಟ್ಟರು.

ಇಪ್ಪತ್ತೇಳು ವರ್ಷ ಕಳೆಯುವಷ್ಟರಲ್ಲಿ ಆ ಸೀಮೆ ಬೇರೆ ದೇಶವಾಯಿತು. 1947ರ ವಿಭಜನೆಯಲ್ಲಿ ಮನೆ, ಹೊಲ, ಕೆರೆ, ದೇವರು ಎಲ್ಲ ಬಿಟ್ಟು ಲಕ್ಷಾಂತರ ಜನ ಕೋಲ್ಕತ್ತಾಗೆ ಬಂದರು. ರೈಲ್ವೆ ನಿಲ್ದಾಣಗಳಲ್ಲಿ ಮಲಗಿದರು, ಊರಂಚಿನಲ್ಲಿ ಕಾಲೊನಿ ಕಟ್ಟಿಕೊಂಡರು. ಸ್ಥಳೀಯರು ಅವರನ್ನು 'ಬಾಂಗಾಲ್' ಎಂದು ಹಗುರವಾಗಿ ಕರೆಯುತ್ತಿದ್ದರು. ಅದೇ ಜನ ಕ್ಲಬ್ಬಿನ ಕೆಂಪು ಹಳದಿ ಬಾವುಟ ಹಿಡಿದು ಅದೇ ಮಾತನ್ನು ಎದೆಯುಬ್ಬಿಸಿ ಹೇಳಿಕೊಂಡರು. ಗೆದ್ದ ದಿನ ಮನೆಯಲ್ಲಿ ಹಿಲ್ಸಾ ಮೀನು ಬೇಯಿಸಿದರು. ನಕಾಶೆಯಲ್ಲಿ ಪೂರ್ವ ಬಂಗಾಳ ಮೊದಲು ಪೂರ್ವ ಪಾಕಿಸ್ತಾನವಾಯಿತು, 1971ರಲ್ಲಿ ಬಾಂಗ್ಲಾದೇಶವಾಯಿತು. ಹಳೆಯ ಹೆಸರು ಜೀವಂತ ಉಳಿದದ್ದು ಒಂದು ಫುಟ್‌ಬಾಲ್ ಅಂಗಿಯ ಮೇಲೆ. ಈ ಹೆಸರಿಗೆ ಯಾವ ಲೆಕ್ಕಪರಿಶೋಧಕ ಬೆಲೆ ಕಟ್ಟಬಲ್ಲ?

ಆ ಹೆಸರಿಗೆ ಕನ್ನಡ ನಾಡಿನ ಬೆವರೂ ಸೇರಿದೆ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡದ ಪರಂಪರೆಯಲ್ಲಿ ಬೆಳೆದ ಅಹ್ಮದ್ ಖಾನ್ ಕೋಲ್ಕತ್ತಾಗೆ ಹೋಗಿ ಈಸ್ಟ್ ಬೆಂಗಾಲ್ ಸೇರಿದರು. 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಆಡಿದವರು ಅವರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಜತೆಗೂಡಿ ಐವರ ಮುಂಚೂಣಿಯಾದಾಗ ಅಭಿಮಾನಿಗಳು 'ಪಂಚ ಪಾಂಡವರು' ಎಂದು ಹೆಸರಿಟ್ಟರು. ಅದನ್ನು ಇಟ್ಟದ್ದು ಜನ. ಕಚೇರಿಯಲ್ಲಿ ಯಾರೂ ಅದನ್ನು ನೋಂದಾಯಿಸಲಿಲ್ಲ. ಎಪ್ಪತ್ತು ವರ್ಷ ಕಳೆದರೂ ಅದು ಮಾಸಿಲ್ಲ.

ಹೆಸರಿಗೆ ಕಾನೂನಿನ ಬೇಲಿ ಹಾಕುವ ಕೆಲಸ ಇಂಗ್ಲೆಂಡಿನಲ್ಲಿ ಬಿರುಸಾಯಿತು. ಲಂಡನ್ನಿನ ಆರ್ಸೆನಲ್ ಕ್ಲಬ್ 1989ರಲ್ಲಿ ತನ್ನ ಹೆಸರಿನ ಜತೆಗೆ 'ಗನ್ನರ್ಸ್' ಎಂಬ ಅಡ್ಡಹೆಸರನ್ನೂ ಟ್ರೇಡ್‌ಮಾರ್ಕ್ ಮಾಡಿಸಿತು. ಮ್ಯಾಥ್ಯೂ ರೀಡ್ ಎಂಬ ವ್ಯಾಪಾರಿ 1970ರಿಂದ ಕ್ಲಬ್ಬಿನ ಹೈಬರಿ ಮೈದಾನದ ಹೊರಗೆ ಶಾಲು, ಟೋಪಿ ಮಾರುತ್ತಿದ್ದರು. ಇದು ಅಧಿಕೃತ ಮಾಲಲ್ಲ ಎಂದು ಬೋರ್ಡನ್ನೂ ಹಾಕಿದ್ದರು. ಆದರೂ ಕ್ಲಬ್ ಕೋರ್ಟಿಗೆ ಹೋಯಿತು. ಕೊಳ್ಳುವವರು ಆ ಹೆಸರನ್ನು ತಂಡದ ಮೇಲಿನ ನಿಷ್ಠೆಯ ಗುರುತಾಗಿ ನೋಡುತ್ತಾರೆಯೇ ಹೊರತು ಮಾಲು ಯಾರು ತಯಾರಿಸಿದರು ಎಂದಲ್ಲ ಎಂಬ ರೀಡ್ ಅವರ ವಾದವನ್ನು ಹೈಕೋರ್ಟ್ 2001ರಲ್ಲಿ ಒಪ್ಪಿತು. ಪ್ರಕರಣ ಯುರೋಪಿನ ನ್ಯಾಯಾಲಯಕ್ಕೆ ಹೋಗಿ ಬಂದು 2003ರಲ್ಲಿ ಆರ್ಸೆನಲ್ ಕಡೆಗೇ ತೀರ್ಮಾನವಾಯಿತು. ಮೊದಲ ನ್ಯಾಯಾಧೀಶರು ಜನರ ಮನಸ್ಸನ್ನು ಸರಿಯಾಗಿ ಓದಿದ್ದರು ಎಂದೇ ನಾನು ನಂಬುತ್ತೇನೆ.

2019ರಲ್ಲಿ ಲಿವರ್‌ಪೂಲ್ ಕ್ಲಬ್ ಇನ್ನೂ ಮುಂದೆ ಹೋಗಿ, ಫುಟ್‌ಬಾಲ್ ಸಂಬಂಧದ ಮಾಲುಗಳಿಗೆ ಊರಿನ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಸಲು ಅರ್ಜಿ ಹಾಕಿತು. ಅದರದೇ ಅಭಿಮಾನಿಗಳು, ಬೀದಿ ವ್ಯಾಪಾರಿಗಳು ತಿರುಗಿ ಬಿದ್ದರು. ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಬೌದ್ಧಿಕ ಸ್ವತ್ತಿನ ಕಚೇರಿ ಆ ಹೆಸರಿನ ಭೌಗೋಳಿಕ ಮಹತ್ವವನ್ನು ಎತ್ತಿಹಿಡಿದು ಅರ್ಜಿ ತಳ್ಳಿಹಾಕಿತು. ಕ್ಲಬ್ ಮೇಲ್ಮನವಿ ಹೂಡಲಿಲ್ಲ. ಅಭಿಮಾನಿಗಳು ತಮ್ಮ ಕ್ಲಬ್ಬಿನ ಎದುರೇ ನಿಂತು ಊರಿನ ಹೆಸರು ಉಳಿಸಿಕೊಂಡರು.

ನಮ್ಮ ದೇಶದಲ್ಲಿ ಹೆಸರಿಗೆ ಕಂಪನಿಯ ಮುದ್ರೆ ಒತ್ತುವ ಕೆಲಸಕ್ಕೆ ಬೆಂಗಳೂರಿನ ನಂಟಿದೆ. 1998ರಲ್ಲಿ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಸಮೂಹ ಕೋಲ್ಕತ್ತಾದ ಎರಡೂ ದೊಡ್ಡ ತಂಡಗಳಿಗೆ ದುಡ್ಡು ಹಾಕಿತು. ಒಂದು ಕಿಂಗ್‌ಫಿಶರ್ ಈಸ್ಟ್ ಬೆಂಗಾಲ್, ಇನ್ನೊಂದು ಮ್ಯಾಕ್‌ಡೊವೆಲ್ ಮೋಹನ್ ಬಾಗಾನ್. 2018ರಲ್ಲಿ ಈಸ್ಟ್ ಬೆಂಗಾಲ್‌ಗೆ ಬಂದ ಕ್ವೆಸ್ ಕೂಡ ಬೆಂಗಳೂರಿನದೇ ಕಂಪನಿ. ಅದು ಎರಡು ವರ್ಷಕ್ಕೆ ಹೊರನಡೆಯಿತು.

ಕ್ವೆಸ್ ಬಿಟ್ಟ ಜಾಗಕ್ಕೆ 2020ರ ಸೆಪ್ಟೆಂಬರಿನಲ್ಲಿ ಶ್ರೀ ಸಿಮೆಂಟ್ ಬಂತು. ತಂಡ ಇಂಡಿಯನ್ ಸೂಪರ್ ಲೀಗ್ ಸೇರಿತು. ಪ್ರಾಥಮಿಕ ಒಪ್ಪಂದವೇನೋ ಆಯಿತು, ಆದರೆ ಅಂತಿಮ ಕರಾರಿಗೆ ಪದಾಧಿಕಾರಿಗಳು ಸಹಿ ಹಾಕಲಿಲ್ಲ. ಹಾಕಿದರೆ ಸದಸ್ಯರ ಹಕ್ಕು ಹೋಗುತ್ತದೆ ಎಂಬುದು ಅವರ ವಾದ. ಅಭಿಮಾನಿಗಳಲ್ಲೇ ಎರಡು ಪಂಗಡವಾಯಿತು. ಸಹಿ ಹಾಕದೆ ತಂಡವನ್ನೇ ಮುಳುಗಿಸುತ್ತೀರಿ ಎಂದು ಪದಾಧಿಕಾರಿಗಳ ವಿರುದ್ಧ ಒಂದು ಪಂಗಡ, ಕ್ಲಬ್ಬನ್ನು ಮಾರಬೇಡಿ ಎಂದು ಇನ್ನೊಂದು. 2021ರ ಜುಲೈ 21ರಂದು ಕ್ಲಬ್ಬಿನ ಎದುರು ಇಬ್ಬರೂ ಮುಖಾಮುಖಿಯಾದರು, ಪೊಲೀಸರು ಲಾಠಿ ಬೀಸಿದರು. ಎರಡೂ ಕಡೆಯವರು ತೊಟ್ಟದ್ದು ಅದೇ ಕೆಂಪು ಹಳದಿ ಅಂಗಿ. ನನ್ನ ಮಟ್ಟಿಗೆ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ನೋವಿನ ದಿನ ಅದು. ಕಂಪನಿಯನ್ನೊಂದೇ ದೂರಿದರೆ ಅನ್ಯಾಯವಾದೀತು. ಕೋಟಿಗಟ್ಟಲೆ ಹಾಕಿದವರು ಅಧಿಕಾರ ಕೇಳುವುದು ಸಹಜ. ಯಾವುದನ್ನು ಕೊಡಬಹುದು, ಯಾವುದನ್ನು ಕೊಡಲೇಬಾರದು ಎಂದು ಮೊದಲೇ ಬರೆದಿಡದ ಪದಾಧಿಕಾರಿಗಳ ತಪ್ಪು ದೊಡ್ಡದು. ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ನಡುವೆ ಬಂದು ಆ ವರ್ಷಕ್ಕೆ ತಂಡ ಆಡುವಂತೆ ಮಾಡಿದರು. ತಂಡ ಕೊನೆಯ ಸ್ಥಾನದಲ್ಲಿ ನಿಂತಿತು. 2022ರಲ್ಲಿ ಕಂಪನಿ ಕ್ರೀಡಾ ಹಕ್ಕು ಮರಳಿಸಿ ಹೊರಟಿತು.

ಎದುರಾಳಿ ಮೋಹನ್ ಬಾಗಾನ್‌ನಲ್ಲಿ ಅಭಿಮಾನಿಗಳ ದನಿ ಹೆಚ್ಚು ಒಗ್ಗಟ್ಟಾಗಿತ್ತು. 2020ರಲ್ಲಿ ಆ ಹೆಸರಿನ ಮುಂದೆ 'ಎಟಿಕೆ' ಎಂಬ ಇನ್ನೊಂದು ತಂಡದ ಹೆಸರು ಸೇರಿಸಿದಾಗ ಅದನ್ನು ತೆಗೆಯಿರಿ ಎಂದು ಪಟ್ಟು ಹಿಡಿದರು. 2023ರ ಮಾರ್ಚ್ 18ರಂದು ಗೋವಾದಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ ಫೈನಲ್‌ನಲ್ಲಿ ತಂಡ ನಮ್ಮ ಬೆಂಗಳೂರು ಎಫ್‌ಸಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿತು. ಆವತ್ತೇ ಮಾಲೀಕ ಸಂಜೀವ್ ಗೋಯೆಂಕಾ ಎಟಿಕೆ ಕೈಬಿಡುವುದಾಗಿ ಘೋಷಿಸಿದರು. ಬದಲಿಗೆ ಕೊನೆಯಲ್ಲಿ 'ಸೂಪರ್ ಜೈಂಟ್' ಬಂತು. ಅರ್ಧ ಗೆಲುವು ಎನ್ನಬಹುದು.

ನಮ್ಮ ಕಾನೂನಿನಲ್ಲಿ ದಾರಿ ಇಲ್ಲವೇ? ಇದೆ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯಂತೆ ಅರ್ಜಿಯೊಂದು ಟ್ರೇಡ್‌ಮಾರ್ಕ್ ಪತ್ರಿಕೆಯಲ್ಲಿ ಪ್ರಕಟವಾದ ನಾಲ್ಕು ತಿಂಗಳೊಳಗೆ ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದು. ಸಂಘವೊಂದು ತನ್ನ ಸದಸ್ಯರ ಪರವಾಗಿ ಸಾಮೂಹಿಕ ಗುರುತನ್ನು ನೋಂದಾಯಿಸಲೂ ಅವಕಾಶವಿದೆ. ಇನ್ನೊಂದು ಮಾದರಿ ನಮ್ಮ ಹೊಲದಲ್ಲೇ ಇದೆ. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಗುರುತು ಸಿಕ್ಕಿತು. ಟ್ರೇಡ್‌ಮಾರ್ಕನ್ನು ಮಾರಬಹುದು. ಭೌಗೋಳಿಕ ಗುರುತನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ, ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿಯ ರೈತರು ಬೆಳೆದ ಬೇಳೆಯ ಹೆಸರಿಗೆ ಇರುವ ಈ ರಕ್ಷಣೆ, ಜನ ಬೆಳೆಸಿದ ತಂಡದ ಹೆಸರಿಗೂ ಬೇಕು. ಆಟ ನಡೆಸುವ ಹಕ್ಕನ್ನು ವರ್ಷಗಳ ಲೆಕ್ಕದಲ್ಲಿ ಕೊಡಲಿ, ಹೆಸರನ್ನು ಕೊಡುವುದು ಬೇಡ.

ಕೋಡ್ಲಾ, ವಾಡಿ, ಶಹಾಬಾದಿನ ಯುವಕ ಸಂಘದವರಲ್ಲಿ ನನ್ನದೊಂದು ವಿನಂತಿ. ಟೂರ್ನಿಗೆ ಕಂಪನಿಯವರಿಂದ ಅಂಗಿ, ಕಪ್, ನಗದು ಪಡೆಯಿರಿ, ತಪ್ಪೇನಿಲ್ಲ. ಅದಕ್ಕೂ ಮೊದಲು ಸಂಘವನ್ನು ನೋಂದಾಯಿಸಿ. ತಂಡದ ಹೆಸರು, ಬಣ್ಣ, ಗುರುತು ಸದಸ್ಯರ ಸಭೆಗೆ ಸೇರಿದ್ದು, ಪದಾಧಿಕಾರಿಗಳು ಅದನ್ನು ಯಾರಿಗೂ ಬರೆದುಕೊಡುವಂತಿಲ್ಲ ಎಂಬ ಒಂದು ಸಾಲನ್ನು ನಿಯಮಾವಳಿಯಲ್ಲಿ ಸೇರಿಸಿ, ಎಲ್ಲರ ಸಹಿ ಹಾಕಿಸಿ ಇಟ್ಟುಕೊಳ್ಳಿ.