ಸುಲ್ತಾನನ ಜೋಳ ಎಷ್ಟು ದೂರ ಹೋದೀತು?

ಆಳಂದ, ಅಫಜಲಪುರ, ಜೇವರ್ಗಿಯ ಮಕ್ಕಳೇ, ನಿಮ್ಮೂರ ಕರಿಮಣ್ಣು ಮಳೆಗಾಲದ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಚಳಿಗಾಲದಲ್ಲಿ ಮಳೆ ಬಾರದಿದ್ದರೂ ಬಿಳಿಜೋಳ ತೆನೆ ಕಟ್ಟುತ್ತದೆ. ಉಂಡು ಮಿಗುವಷ್ಟು ಬೆಳೆಯುವ ನೆಲವನ್ನು ರಾಜರು ಬಿಟ್ಟಾರೆಯೇ? ಆ ಮಿಗತೆಯಲ್ಲೇ ಸೈನಿಕರೂ ಕುದುರೆಗಳೂ ಕೋಟೆ ಕಟ್ಟುವವರೂ ಹೊಟ್ಟೆ ಹೊರೆಯಬೇಕು.

ಈ ಸೀಮೆಯ ಚರಿತ್ರೆಯಲ್ಲಿ ಒಂದು ಸಂಗತಿ ಮತ್ತೆ ಮತ್ತೆ ನಡೆದಿದೆ: ಒಡೆಯನ ಕೈಕೆಳಗಿನವನೇ ಒಡೆಯನನ್ನು ಉರುಳಿಸುವುದು. ಬಾದಾಮಿ ಚಾಲುಕ್ಯರ ಸಾಮಂತ ದಂತಿದುರ್ಗ ಒಡೆಯನನ್ನೇ ಸೋಲಿಸಿ ರಾಷ್ಟ್ರಕೂಟರ ರಾಜ್ಯ ಕಟ್ಟಿದ. ಸೇಡಂ ತಾಲ್ಲೂಕಿನ ಮಳಖೇಡ ಮುಂದೆ ಅವರ ರಾಜಧಾನಿಯಾಯಿತು. 973ರಲ್ಲಿ ಅವರದೇ ಸಾಮಂತ ತೈಲಪ ಅವರನ್ನು ಉರುಳಿಸಿದ. ತೈಲಪನ ವಂಶದವರ ಗದ್ದುಗೆ ಕಸಿದ ಕಳಚೂರಿ ಬಿಜ್ಜಳನೂ ಅವರ ಸಾಮಂತನೇ! 1347ರಲ್ಲಿ ದಿಲ್ಲಿಯ ತುಘಲಕನಿಗೆ ದಖ್ಖನಿನ ಸರದಾರರು ತಿರುಗಿಬಿದ್ದರು. ಅವರಲ್ಲೊಬ್ಬನಾದ ಹಸನ್ ಬಹಮನ್ ಷಾ ಸುಲ್ತಾನನಾದ, ಕಲಬುರಗಿ ರಾಜಧಾನಿಯಾಯಿತು. ಅವನ ವಂಶದವರೇ ಬಹಮನಿಗಳು.

ಒಂದೇ ಬಗೆಯ ಘಟನೆ ಇಷ್ಟು ಸಲ ನಡೆದರೆ ಕಾರಣ ಹುಡುಕಲೇಬೇಕು. ಕಾಳು ಸಾಗಿಸುವ ಕಷ್ಟದಿಂದಲೇ ಶುರುಮಾಡೋಣ: ಎತ್ತಿನ ಬಂಡಿ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಹೋದೀತು. ಬಹಮನಿಗಳ ಕೈಯಲ್ಲಿದ್ದ ದೌಲತಾಬಾದ್ ಕಲಬುರಗಿಯಿಂದ 300 ಕಿಲೋಮೀಟರಿಗೂ ದೂರ. ಅಲ್ಲಿಂದ ಕಾಳು ಹೊತ್ತ ಬಂಡಿ ಬರಲು ಎರಡು ವಾರ ಹಿಡಿದೀತು. ದಾರಿಯುದ್ದಕ್ಕೂ ಎತ್ತಿಗೆ ಮೇವು, ಆಳಿಗೆ ರೊಟ್ಟಿ ಬೇಕಲ್ಲ! ಹಾಗಾಗಿ ದೂರದ ಸೀಮೆಯ ಕಾಳನ್ನು ಅಲ್ಲೇ ಖರ್ಚು ಮಾಡುವುದು ವಾಸಿ. ಸುಲ್ತಾನರು ರಾಜ್ಯವನ್ನು ನಾಲ್ಕು ತರಫ್, ಅಂದರೆ ಪ್ರಾಂತ್ಯ, ಮಾಡಿ ಒಂದೊಂದಕ್ಕೂ ಒಬ್ಬ ತರಫ್‌ದಾರನನ್ನಿಟ್ಟರು. ಕಂದಾಯ ಎತ್ತುವವನೂ ಅವನೇ, ಸೈನ್ಯ ಸಾಕುವವನೂ ಅವನೇ. ಸೈನಿಕನ ನಿಷ್ಠೆ ಅನ್ನ ಹಾಕುವವನ ಕಡೆಗೇ ತಾನೇ?

ಇದನ್ನು ಸರಿಯಾಗಿ ಅರಿತವನು ಬಹಮನಿಗಳ ಮಂತ್ರಿ ಮಹಮೂದ್ ಗವಾನ್. ನಾಲ್ಕು ತರಫ್‌ಗಳನ್ನು ಎಂಟಾಗಿ ಒಡೆದ. ಒಬ್ಬ ತರಫ್‌ದಾರನ ಕೈಗೆ ಒಂದೇ ಕೋಟೆ ಎಂದ. ಜಾಣತನದ ಕೆಲಸವೇ, ಆದರೆ ಸರದಾರರಿಗೆ ಸಿಟ್ಟು ಬಂತು. ಅವರು ಹುಟ್ಟಿಸಿದ ಖೊಟ್ಟಿ ಪತ್ರವನ್ನು ನಂಬಿ ಸುಲ್ತಾನ 1481ರಲ್ಲಿ ಗವಾನನನ್ನು ಕೊಲ್ಲಿಸಿದ. ಹತ್ತು ವರ್ಷದೊಳಗೆ ವಿಜಯಪುರದಲ್ಲಿ ಯೂಸುಫ್ ಆದಿಲ್ ಖಾನ್ ಬೇರೆಯಾದ. ಕೊನೆಗೆ ಐದು ರಾಜ್ಯಗಳಾದವು. ಕೈಕೆಳಗಿನವರೇ ತಿರುಗಿಬೀಳುವುದು ದೂರದ ರೋಮಿನಲ್ಲೂ ಇತ್ತು: 476ರಲ್ಲಿ ಪಶ್ಚಿಮದ ಚಕ್ರವರ್ತಿಯನ್ನು ಇಳಿಸಿದ ಓಡೋಅಕರ್ ಅಲ್ಲಿನ ಸೈನ್ಯದ ನಾಯಕನೇ.

ಕಲಬುರಗಿಯಿಂದ ಜೇವರ್ಗಿ ಕಡೆಗೆ ಹೋಗುವಾಗ ಬಹಮನಿ ಸುಲ್ತಾನ ಫಿರೋಜ್ ಷಾ ಕಟ್ಟಿಸಿದ ಫಿರೋಜಾಬಾದನ್ನು ನೋಡಿ. ಮೂರು ಕಡೆ ದಪ್ಪ ಕಲ್ಲಿನ ಗೋಡೆ, ಇನ್ನೊಂದು ಕಡೆ ಭೀಮಾ ನದಿ. ಆ ಗೋಡೆ ಎಬ್ಬಿಸಿದವರಿಗೆ ದಿನಕ್ಕೆ ಎಷ್ಟು ರೊಟ್ಟಿ ಬೇಕಾಗಿತ್ತು, ಲೆಕ್ಕ ಹಾಕಿ ನೋಡಿ.