ಸಿಸ್ಟರನ್ನೂ ಒಂದು ಮಾತು ಕೇಳಿ

(ರಾಜ್ಯೋತ್ಸವದ ಸಂಜೆ ಬೆಂಗಳೂರಿನ ಬಡಾವಣೆಯೊಂದರಲ್ಲಿ ಯುವಕರ ಸಭೆಯಲ್ಲಿ ಆಡಿದ ಮಾತು)



ನಾನು ಭಾಷಣಕಾರನಲ್ಲ. ಪಿಯುಸಿಗೇ ಓದು ನಿಲ್ಲಿಸಿ ಅಪ್ಪನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಲು ಕೂತವನು. ಈಗ ಮೊಳೆ ಹೋಗಿ ಆಫ್‌ಸೆಟ್ ಬಂದಿದೆ. ಮದುವೆ ಕಾಗದ, ಬಿಲ್ ಬುಕ್ಕು, ನಿಮ್ಮ ಹೋರಾಟದ ಕರಪತ್ರ, ಎಲ್ಲವೂ ನನ್ನ ಪ್ರೆಸ್ಸಿನಲ್ಲಿ ಅಚ್ಚಾಗಿವೆ. ನರ್ಸಿಂಗ್ ಹೋಮ್‌ಗಳ ಫಾರಂಗಳೂ ಅಷ್ಟೇ. ಆ ಫಾರಂಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಚೆಗೆ ನಾಲ್ಕು ಹುಡುಗಿಯರು ಪ್ರೆಸ್ಸಿಗೆ ಬಂದರು. ಬಿಎಸ್ಸಿ ನರ್ಸಿಂಗ್ ಕೊನೆಯ ವರ್ಷ. ಆರೋಗ್ಯ ವ್ಯವಸ್ಥೆ ಸುಧಾರಣೆ ಆಗಬೇಕಾದರೆ ಏನು ಮಾಡಬೇಕು ಅಂತ ಕೆಲಸದಲ್ಲಿರುವ ನರ್ಸ್‌ಗಳ ಅಭಿಪ್ರಾಯ ಸಂಗ್ರಹಿಸಬೇಕಂತೆ. ಕಾಲೇಜಿನ ಒಪ್ಪಿಗೆ ಪತ್ರವೂ ಇತ್ತು. “ಅಂಕಲ್, ನೂರು ಕಾಪಿ, ಸ್ವಲ್ಪ ಕಡಿಮೆ ಮಾಡ್ಕೊಳ್ಳಿ” ಅಂದರು.

ಪ್ರಶ್ನಾವಳಿ ನೋಡಿದೆ. ಒಂದು ಮಗ್ಗುಲು ಇಂಗ್ಲಿಷು, ಇನ್ನೊಂದು ಮಗ್ಗುಲು ಕನ್ನಡ. ಖುಷಿಯಾಯಿತು. ಓದಿದ ಮೇಲೆ ನಗು ಬಂತು. “ಮಾನವ ಸಂಪನ್ಮೂಲ ಹಂಚಿಕೆಯ ಪರಿಣಾಮಕಾರಿತ್ವದ ಕುರಿತು ತಮ್ಮ ಅಭಿಮತವೇನು?” ಅಂತಿತ್ತು. “ಇದೇನಮ್ಮಾ ಇದು?” ಅಂದೆ. “ನರ್ಸ್‌ಗಳು ಸಾಕಷ್ಟು ಇದಾರಾ ಅಂತ ಅಂಕಲ್” ಅಂದಳು ಒಬ್ಬಳು. “ಹಂಗಾದ್ರೆ ಹಂಗೇ ಕೇಳಮ್ಮಾ!” ಅಂದೆ. ಕೂತು ತಿದ್ದಿದೆವು. “ರಾತ್ರಿ ಪಾಳಿಯಲ್ಲಿ ನಿಮ್ಮೊಬ್ಬರ ಕೈಗೆ ಎಷ್ಟು ರೋಗಿಗಳು?” ಎಂದಾಯಿತು. ಇಂಗ್ಲಿಷಿನವರನ್ನು ಬೈಯುವ ನಾವು, ನಮ್ಮವರಿಗೇ ಅರ್ಥವಾಗದ ಕನ್ನಡ ಬರೆದರೆ ಅದೂ ಅಪರಾಧವೇ.

ಆ ಪ್ರಶ್ನೆ ಸಣ್ಣದಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಲ್ಲಿ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ 3 ರೋಗಿಗಳಿಗೊಬ್ಬ ನರ್ಸ್, ಉಳಿದ ಸಾಮಾನ್ಯ ಆಸ್ಪತ್ರೆಗೆ 5 ರೋಗಿಗಳಿಗೊಬ್ಬರು ಎಂದಿದೆ. ನೀವು ಯಾರನ್ನಾದರೂ ನೋಡಲು ಆಸ್ಪತ್ರೆಗೆ ಹೋದಾಗ ವಾರ್ಡಿನಲ್ಲಿ ನಿಂತು ಎಣಿಸಿ ನೋಡಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ.

ಸಂಬಳದ ಮಾತೂ ಅಷ್ಟೇ. ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2016ರಲ್ಲಿ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. 200ಕ್ಕಿಂತ ಹೆಚ್ಚು ಹಾಸಿಗೆ ಇರುವ ಖಾಸಗಿ ಆಸ್ಪತ್ರೆಯ ನರ್ಸ್‌ಗೆ ಸರ್ಕಾರಿ ನರ್ಸ್‌ನಷ್ಟೇ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಯ ಕಡೆಯೂ 20,000 ರೂಪಾಯಿಗೆ ಕಡಿಮೆ ಇರಬಾರದು ಎಂದು ಆ ಸಮಿತಿ ಹೇಳಿತು. ಜಾರಿ ಮಾಡುವ ಹೊಣೆ ರಾಜ್ಯಗಳ ಹೆಗಲಿಗೆ ಬಿತ್ತು. ನಿಮ್ಮ ಬೀದಿಯಲ್ಲಿ ನರ್ಸ್ ಇದ್ದರೆ ಅವರಿಗೆ ಎಷ್ಟು ಬರುತ್ತದೆ ಅಂತ ಮೆಲ್ಲಗೆ ಕೇಳಿ ನೋಡಿ.

2017ರ ನವೆಂಬರ್ ನೆನಪಿದೆಯೇ? ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತರಲು ಹೊರಟಾಗ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಅವರ ಅಭಿಪ್ರಾಯ ವಿಧಾನಸೌಧಕ್ಕೂ ಕೇಳಿಸಿತು, ಬೆಳಗಾವಿಗೂ ಕೇಳಿಸಿತು. 1947ರ ನರ್ಸಿಂಗ್ ಪರಿಷತ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ಸಂಸತ್ತು ಹೊಸ ಆಯೋಗದ ಕಾಯ್ದೆ ಅಂಗೀಕರಿಸಿತು. ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ರೋಗಿಯ ತಲೆದೆಸೆಯಲ್ಲಿ ರಾತ್ರಿಯೆಲ್ಲ ನಿಲ್ಲುವವಳ ಮಾತು ಬೀದಿಗೆ ಬರುವುದೇ ಇಲ್ಲ. ಅದನ್ನು ಕೇಳಲು ಹೊರಟವರು ಈ ನಾಲ್ಕು ಹುಡುಗಿಯರು.

ಪ್ರತಿ ಹಾಳೆಗೂ ನಂಬರ್ ಹಾಕಿಕೊಡಿ ಅಂದರು. ಬೇಡ ಅಂದೆ. ನಂಬರ್ ಕಂಡರೆ “ಯಾರು ಬರೆದದ್ದು ಅಂತ ಗೊತ್ತಾಗುತ್ತೆ” ಅಂತ ಸಿಸ್ಟರ್ ಹೆದರುತ್ತಾಳೆ. ಅವಳು ಕೆಲಸ ಕಳೆದುಕೊಂಡರೆ ಬಾಡಿಗೆ ಯಾರು ಕಟ್ಟುತ್ತಾರೆ? ಹೆಸರಿಲ್ಲ, ನಂಬರಿಲ್ಲ, ಬರೆದು ಮಡಿಸಿ ಡಬ್ಬಿಗೆ ಹಾಕಿದರಾಯಿತು. ಹುಡುಗಿಯರು ಒಪ್ಪಿದರು.

ಈಗ ಆ ಫಾರಂಗಳ ವಿಷಯ. ಕೆಲವು ವರ್ಷಗಳ ಹಿಂದೆ ನಮ್ಮಮ್ಮನಿಗೆ ಪಿತ್ತಕೋಶದ ಆಪರೇಷನ್. ಹಿಂದಿನ ರಾತ್ರಿ ಒಪ್ಪಿಗೆ ಫಾರಂ ತಂದರು. ಪೂರ್ತಿ ಇಂಗ್ಲಿಷು. “ಏನಪ್ಪಾ ಬರೆದೈತೆ ಇದ್ರಲ್ಲಿ?” ಅಂದಳು ಅಮ್ಮ. ಓದಲು ಹೋದೆ, ಅರ್ಧ ನನಗೇ ತಿಳಿಯಲಿಲ್ಲ. ಕೆಳಗಡೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಹೆಸರಿತ್ತು. ನಮ್ಮ ಪ್ರೆಸ್ಸಿನ ಹೆಸರು! ರೀಮುಗಟ್ಟಲೆ ಅಚ್ಚು ಹಾಕಿ ದುಡ್ಡು ಎಣಿಸಿಕೊಂಡವನು ನಾನೇ. ಅದರ ಮೇಲೆ ನನ್ನ ತಾಯಿ ಹೆಬ್ಬೆಟ್ಟು ಒತ್ತಿದಳು.

ಆ ರಾತ್ರಿ ಅಮ್ಮನ ಪಕ್ಕ ಕೂತು ಎಲ್ಲಿ ಕೊಯ್ಯುತ್ತಾರೆ, ಎಷ್ಟು ಹೊತ್ತು, ಏನು ಅಪಾಯ ಅಂತ ಬಿಡಿಸಿ ಹೇಳಿದವರು ಪಾಳಿಯ ಸಿಸ್ಟರ್. ಕೇರಳದ ಹುಡುಗಿ. ಕನ್ನಡ ತೊದಲುತ್ತಿತ್ತು. ಆದರೆ ಅಮ್ಮನಿಗೆ ಅರ್ಥವಾಯಿತು, ನಿದ್ದೆ ಬಂತು. ಗೆಳೆಯರೇ, ಆ ರಾತ್ರಿ ಕನ್ನಡದ ಕೆಲಸ ಮಾಡಿದವಳು ಅವಳು. ನಾನಲ್ಲ.

ರೋಗಿಗೆ ತಿಳಿಯುವ ಭಾಷೆಯಲ್ಲೇ ವಿವರ ಹೇಳಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 2018ರ ರೋಗಿಗಳ ಹಕ್ಕುಪಟ್ಟಿಯಲ್ಲೇ ಇದೆ. ಈಗ ಫಾರಂ ಆರ್ಡರ್ ತರುವ ಪ್ರತಿ ನರ್ಸಿಂಗ್ ಹೋಮ್‌ಗೂ ನಾನು ಹೇಳುತ್ತೇನೆ: “ಹಿಂದಿನ ಮಗ್ಗುಲಿಗೆ ಕನ್ನಡ ಹಾಕಿಸಿ, ಕಂಪೋಸಿಂಗ್ ನನ್ನ ಖರ್ಚು.” ಕೆಲವರು ಒಪ್ಪಿದ್ದಾರೆ. ಕೆಲವರು ಬೇರೆ ಪ್ರೆಸ್ ನೋಡಿಕೊಂಡಿದ್ದಾರೆ. ನೋಡಿಕೊಳ್ಳಲಿ.

ನಿಮ್ಮಲ್ಲಿ ಕೇಳುವುದು ಎರಡೇ. ಆಸ್ಪತ್ರೆಯಲ್ಲಿ ಸಹಿ ಹಾಕುವ ಮೊದಲು ಕನ್ನಡದ ಫಾರಂ ಕೇಳಿ. ಇಲ್ಲವೆಂದರೆ ಸಿಸ್ಟರ್ ಮೇಲೆ ಕೂಗಾಡಬೇಡಿ, ಫಾರಂ ಮಾಡಿದ್ದು ಅವಳಲ್ಲ. ಆಡಳಿತ ಕಚೇರಿಗೆ ಹೋಗಿ ಬರವಣಿಗೆಯಲ್ಲಿ ಕೊಡಿ. ಎರಡನೆಯದು, ಪ್ರಶ್ನೆಯ ಕಾಗದ ಹಿಡಿದು ಯಾವುದಾದರೂ ನರ್ಸಿಂಗ್ ವಿದ್ಯಾರ್ಥಿನಿ ನಿಮ್ಮ ಅಕ್ಕನ ಹತ್ತಿರವೋ ಅತ್ತಿಗೆಯ ಹತ್ತಿರವೋ ಬಂದರೆ, “ಬರಿ, ಹೆದರಬೇಡ” ಅಂತ ಧೈರ್ಯ ಹೇಳಿ.

ಮೊನ್ನೆ ಹುಡುಗಿಯರು ಮತ್ತೆ ಬಂದಿದ್ದರು. ನೂರು ಹಾಳೆ ಸಾಲಲಿಲ್ಲವಂತೆ. ಇನ್ನೂ ನೂರು ಹಾಕಿಕೊಟ್ಟೆ. ಕಾಗದದ ದುಡ್ಡು ಮಾತ್ರ ಇಸಕೊಂಡೆ.