ಹಳೆಯ ಟ್ರ್ಯಾಕ್ಟರು ಗುಜರಿಗೆ ಹಾಕುವ ಮುನ್ನ

(ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಲ್ಲಿ ರೈತರೆದುರು ಮಾಡಿದ ಭಾಷಣ)



ಕೊಟ್ಟಿಗೆಯ ಮೂಲೆಯಲ್ಲಿ ಧೂಳು ಹಿಡಿದು ನಿಂತ ಟ್ರ್ಯಾಕ್ಟರು ನಿಮ್ಮಲ್ಲಿ ಕೆಲವರ ಮನೆಯಲ್ಲಿದ್ದೀತು. ತೂಕಕ್ಕೆ ಮಾರುವ ಮುನ್ನ ಒಂದು ಮಾತು. ಎಚ್.ಎಂ.ಟಿ. ಸಂಸ್ಥೆಯು ಚೆಕೊಸ್ಲೊವಾಕಿಯಾದ ಜೀಟರ್ ಮಾದರಿಯ 25 ಅಶ್ವಶಕ್ತಿಯ ಟ್ರ್ಯಾಕ್ಟರನ್ನು 1971ರಲ್ಲಿ ಪಿಂಜೋರಿನಲ್ಲಿ ತಯಾರಿಸತೊಡಗಿತು. ಆ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಇನ್ನು ಬಿಡಿಭಾಗಗಳಿಗೆ ಹಳೆಯ ಗಾಡಿಗಳೇ ಉಗ್ರಾಣ.

ವರ್ಷಗಟ್ಟಲೆ ನಿಂತ ಎಂಜಿನ್ನನ್ನು ಇನ್ನೊಂದು ಗಾಡಿಗೆ ಕಟ್ಟಿ ಎಳೆದು ಚಾಲೂ ಮಾಡಕೂಡದು. ಪಿಸ್ಟನ್ನಿನ ಉಂಗುರಗಳು ತುಕ್ಕಿನಿಂದ ಸಿಲಿಂಡರಿಗೆ ಅಂಟಿರುತ್ತವೆ, ಎಳೆದರೆ ಮುರಿಯುತ್ತವೆ. ಇಂಜೆಕ್ಟರ್ ಬಿಚ್ಚಿ, ಆ ರಂಧ್ರದಿಂದ ಸೀಮೆಎಣ್ಣೆ ಬೆರೆಸಿದ ತೆಳು ಎಣ್ಣೆಯನ್ನು ಸ್ವಲ್ಪ ಹಾಕಿ ಕೆಲವು ದಿನ ನೆನೆಯಲು ಬಿಡಿರಿ. ಬಳಿಕ ಕೈಯಿಂದಲೇ ಹಿಂದೆಮುಂದೆ ಮಿಸುಕಿಸಿರಿ. ಪೂರ್ತಿ ಸುತ್ತು ತಿರುಗತೊಡಗಿದ ಮೇಲೆ, ಇಂಜೆಕ್ಟರ್ ಕೂಡಿಸುವ ಮೊದಲು, ಒಳಗಿನ ದ್ರವವನ್ನೆಲ್ಲ ತಿರುಗಿಸಿಯೇ ಹೊರಹಾಕಬೇಕು. ದ್ರವವು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡು ಬಾಗಿಬಿಡುತ್ತದೆ. ಸೀಮೆಎಣ್ಣೆ ಕೆಳಗಿಳಿದು ಎಂಜಿನ್ ಎಣ್ಣೆಯೂ ಕೆಟ್ಟಿರುವುದರಿಂದ ಅದನ್ನು ಫಿಲ್ಟರ್ ಸಹಿತ ಬದಲಿಸಿರಿ. ನಂತರ ಬ್ರೇಕು. ಬಣ್ಣ ಕಟ್ಟಕಡೆಗೆ, ನಮ್ಮವರು ಬಣ್ಣದಿಂದಲೇ ಶುರು ಮಾಡುತ್ತಾರೆ!

ಎರೆ ಭೂಮಿಯಲ್ಲಿ ಇಂಥ ಗಾಡಿಗೆ ಕುಂಟೆ, ಕೂರಿಗೆಯಂಥ ಹಗುರ ಕೆಲಸ ಕೊಡಿರಿ. ಆಳದ ಉಳುಮೆಗೆ ಒತ್ತಾಯಿಸಬೇಡಿರಿ. ಹಿಂದಿನ ತಿರುಗುವ ದಂಡಕ್ಕೆ ಮುಚ್ಚಳ ಮಾಡಿಸದೆ ಯಾರನ್ನೂ ಹತ್ತಿರ ಬಿಡಬೇಡಿರಿ. ಧೋತರದ ಅಂಚು ಸಿಕ್ಕರೆ ಬಿಡಿಸಿಕೊಳ್ಳಲು ವೇಳೆಯಿರದು.

ಅಂದ ಹಾಗೆ, ಅಜ್ಜನ ಕಾಲದ ಕೂರಿಗೆಯ ಬಟ್ಟಲು ಸೀಳಿದ್ದರೂ ಒಲೆಗೆ ಹಾಕದೆ ಬಡಿಗರ ಬಳಿ ಒಯ್ಯಿರಿ. ನಿಮ್ಮ ಹೊಲದ ಸಾಲಿನ ಅಂತರ ಆ ಹಲ್ಲುಗಳಲ್ಲೇ ಇದೆ. ಹೊಸ ಎಡೆಕುಂಟೆಯನ್ನು ಅದಕ್ಕೆ ಹೊಂದಿಸಿ ಮಾಡಿಸಬಹುದು.